ಇಂಗ್ಲಿಷ್‌ನ ಉದ್ದುದ್ದ ಪದಗಳಿಗೆ ಹೆದರ್ಬೇಡಿ, ಸಂಧಿ ಬಿಡಿಸ್ದಂಗೆ ಬಿಡಿಸಿ

ಚಿಕ್ಕಬಳ್ಳಾಪುರ ಅಂತ ಇಂಗ್ಲಿಷಲ್ಲಿ ಒಂದ್ಸಲ ಬರೀರಿ ನೋಡೋಣ. ಕೊನೇಲಿ ಎ ಹಾಕಿದ್ರೆ ಸರಿಯಾಗಿ 15 ಅಕ್ಷರ, ಮಧ್ಯದಲ್ಲಿ ಎರಡು ಕೆ, ಆಮೇಲೆ ಎರಡು ಎಲ್. ಆರನೇ ಕ್ಲಾಸ್ ಮಗು ಕೂಡ ಅಡ್ರೆಸ್ ಬರೆಯೋವಾಗ ತಡವರಿಸದೆ ಬರೆದುಬಿಡುತ್ತೆ, ಯಾಕಂದ್ರೆ ಅದರ ತಲೇಲಿ ಅದು 15 ಅಕ್ಷರ ಆಗಿ ಇಲ್ಲವೇ ಇಲ್ಲ, ಚಿಕ್ಕ ಒಂದು ತುಂಡು, ಬಳ್ಳಾ ಒಂದು ತುಂಡು, ಪುರ ಒಂದು ತುಂಡು, ಅಷ್ಟೇ. ಅದೇ ಮಗು ಮುಂದೆ 12 ಅಕ್ಷರದ ಟ್ಯುಬರ್‌ಕ್ಯುಲೋಸಿಸ್ ಇಟ್ರೆ ಪೆನ್ನು ಕಚ್ಚಿಕೊಂಡು ಕೂರುತ್ತೆ. ಮಗು ಏನು, ಅವರಪ್ಪನೂ ಅಷ್ಟೇ.

ನಾನು ಬಿ.ಬಿ. ರೋಡಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು, ಮೇಷ್ಟ್ರಲ್ಲ. ಎ ಎಸ್ ಡಿ ಎಫ್ ಜಿ ಎಫ್ ಅಂತ ಹಳೇ ಮೆಷಿನ್ ಮೇಲೆ ಕುಟ್ಟಿ ಇಂಗ್ಲಿಷ್ ಸೀನಿಯರ್ ಪಾಸ್ ಮಾಡ್ದೋನು. ಅಂಗಡಿಗೆ ಬರೋ ಪೇಪರ್ ಎಲ್ಲ ಉದ್ದ ಪದದ್ದೇ, ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಜಮೀನಿನ ಅರ್ಜಿ, ಟ್ರಾಕ್ಟರ್ ಲೋನ್ ಪೇಪರ್, ಕಾಲೇಜ್ ಹುಡುಗರ ಪ್ರಾಜೆಕ್ಟು. ಒಂದ್ಸಲ ಗುಡಿಬಂಡೆ ಕಡೆ ಒಬ್ಬ ರಿಟೈರ್ಡ್ ಯಜಮಾನ್ರು ಅವರ ಮನೆಯವರ ಆಪರೇಷನ್ ಬಿಲ್ ಕ್ಲೇಮ್ ಮಾಡೋಕೆ ಅರ್ಜಿ ಟೈಪ್ ಮಾಡಿಸಿದ್ರು. ಹಿಸ್ಟರೆಕ್ಟಮಿ ಅಂತ ಇರಬೇಕಾದ ಕಡೆ ನಾನು ಹಿಸ್ಟರಾಟಮಿ ಅಂತ ಕುಟ್ಟಿಬಿಟ್ಟಿದ್ದೆ. ಒಂದು ತಿಂಗಳಾದ್ಮೇಲೆ ಅರ್ಜಿ ಅಬ್ಜೆಕ್ಷನ್ ಬಿದ್ದು ವಾಪಸ್ ಬಂತು, ಪಾಪ ಅವರು ಎರಡು ಸಲ ಬಸ್ ಹತ್ತಿ ಬಂದ್ರು. ಒಂದು ಮಾತೂ ಬೈಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿದ್ದು. ಅವತ್ತಿಂದ ನಾನು ಪದಗಳನ್ನ ಬಿಡಿಸೋಕೆ ಶುರು ಮಾಡ್ದೆ, ಹೈಸ್ಕೂಲಲ್ಲಿ ಕನ್ನಡ ಪೇಪರಲ್ಲಿ ಬರ್ತಿತ್ತಲ್ಲ, "ಬಿಡಿಸಿ ಬರೆಯಿರಿ", ಅದೇ ಥರ.

ಮೊದಲನೇ ಕೆಲಸ, ಪದವನ್ನ ಬಾಲದಿಂದ ನೋಡಿ. ಮುದ್ದೇನಹಳ್ಳಿ, ಶ್ರೀನಿವಾಸಪುರ, ಹೊಸಕೋಟೆ, ಇವನ್ನ ಕೇಳಿದ ತಕ್ಷಣ ಊರು ಅಂತ ಗೊತ್ತಾಗೋದು ಬಾಲದಿಂದ ತಾನೇ, ಮುದ್ದೇನ ಅಂದ್ರೆ ಏನು ಅಂತ ಯಾರೂ ಯೋಚನೆ ಮಾಡಲ್ಲ. ಇಂಗ್ಲಿಷಲ್ಲೂ ಬಾಲ ಒಂದೇ ಆಗಿರೋ ಪದಗಳು ಒಂದೇ ಮನೆತನ. ನಾಲ್ಕೈದು ಬಾಲ ಕಲಿತ್ರೆ ನೂರಾರು ಪದ ಅರ್ಧ ಅರ್ಥ ಆದಂಗೆ.

ನಮ್ಮ ಕಡೆಯವರಿಗೆ ಸುಲಭದ್ದು ಕಲ್ಚರ್ ಅನ್ನೋ ಬಾಲ. ಅಗ್ರಿಕಲ್ಚರ್ ಎಲ್ಲರಿಗೂ ಗೊತ್ತು, ಅಗ್ರಿ ಅಂದ್ರೆ ಹೊಲ. ಸೆರಿಕಲ್ಚರ್ ಶಿಡ್ಲಘಟ್ಟದವರಿಗೆ ಹೇಳಿಕೊಡಬೇಕಾ, ಸೆರಿ ಅಂದ್ರೆ ರೇಷ್ಮೆ. ಹಾರ್ಟಿ ಅಂದ್ರೆ ತೋಟ, ಹಾರ್ಟಿಕಲ್ಚರ್ 12 ಅಕ್ಷರ. ವಿಟಿ ಅಂದ್ರೆ ದ್ರಾಕ್ಷಿ ಬಳ್ಳಿ, ಏಪಿ ಅಂದ್ರೆ ಜೇನು, ಪಿಸ್ಸಿ ಅಂದ್ರೆ ಮೀನು. ಬಾಲದ ಏಳು ಅಕ್ಷರ, ಸಿ-ಯು-ಎಲ್-ಟಿ-ಯು-ಆರ್-ಇ, ಎಲ್ಲದಕ್ಕೂ ಒಂದೇ, ಒಂದು ಸಲ ಕೈಗೆ ಕೂತ್ರೆ ಆಯ್ತು, ಆಮೇಲೆ ನೆನಪಿಡಬೇಕಾಗಿರೋದು ಮುಂದಿನ ಮೂರರಿಂದ ಐದು ಅಕ್ಷರ ಮಾತ್ರ.

ಆಮೇಲೆ ಆಸ್ಪತ್ರೆ ಬಾಲಗಳು. ಐ-ಟಿ-ಐ-ಎಸ್ ಅಂದ್ರೆ ಉರಿಯೂತ. ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಆರ್ಥ್ರೈಟಿಸ್ ಕೀಲಿಂದು, ಟಾನ್ಸಿಲೈಟಿಸ್ ಗಂಟಲಿಂದು, ಇದರಲ್ಲಿ ಎಲ್ ಎರಡು, ಮರೀಬೇಡಿ. ಕಂಜಂಕ್ಟಿವೈಟಿಸ್ ಅಂತ 14 ಅಕ್ಷರದ್ದು ನೋಡಿ ಗಾಬರಿ ಆಗ್ತಾರೆ, ಅದು ನಾವು ಮದ್ರಾಸ್ ಐ ಅಂತೀವಲ್ಲ ಅದೇ. ಮಧ್ಯದ ಜಂಕ್ಟ್ ಅಂದ್ರೆ ಕೂಡೋದು, ರೆಪ್ಪೆಯನ್ನ ಕಣ್ಣುಗುಡ್ಡೆಗೆ ಕೂಡಿಸೋ ಪೊರೆಗೆ ಆ ಹೆಸರು. ಬಂಗಾರಪೇಟೆ ಜಂಕ್ಷನ್‌ನಲ್ಲಿರೋ ಜಂಕ್ಟ್ ಕೂಡ ಇದೇ, ಅಲ್ಲಿ ರೈಲು ಕೂಡುತ್ತೆ, ಇಲ್ಲಿ ಪೊರೆ.

ಇನ್ನು ನನ್ನ ಮಾನ ತೆಗೆದ ಬಾಲ. ಟಾಮ್ ಅಂದ್ರೆ ಕತ್ತರಿಸೋದು, ಗ್ರೀಕ್ ಮೂಲ. ಆಟಂ ಅನ್ನೋದರಲ್ಲೂ ಅದೇ ಇದೆ, ಮುಂದಿನ ಎ ಅಂದ್ರೆ ನಮ್ಮ ಅಸಾಧ್ಯದ ಅ ಇದ್ದಂಗೆ, ಆಟಂ ಅಂದ್ರೆ ಕತ್ತರಿಸೋಕೆ ಆಗದೇ ಇರೋದು. ಓ-ಟಿ-ಓ-ಎಂ-ವೈ ಅಂತ ಮುಗಿದ್ರೆ ಬರೀ ಕೊಯ್ಯೋದು. ಇ-ಸಿ-ಟಿ-ಓ-ಎಂ-ವೈ ಅಂತ ಮುಗಿದ್ರೆ ಕೊಯ್ದು ಹೊರಗೆ ತೆಗೆಯೋದು, ಆ ಇ-ಸಿ ಅನ್ನೋದೇ ಹೊರಗೆ. ಹಿಸ್ಟರ್ ಅಂದ್ರೆ ಗರ್ಭಕೋಶ. ಈಗ ನೋಡಿ, ಗರ್ಭಕೋಶ ತೆಗೆದಿರೋರ ಬಿಲ್ಲಲ್ಲಿ ಬರೀ ಕೊಯ್ದಿದ್ದಾರೆ ಅಂತ ನಾನು ಬರೆದಿದ್ದೆ, ಅಬ್ಜೆಕ್ಷನ್ ಹಾಕಿದ್ದು ಸರಿಯಾಗೇ ಇತ್ತು. ಇದರ ಪಕ್ಕದಲ್ಲೇ ಓ-ಎಸ್-ಟಿ-ಓ-ಎಂ-ವೈ ಅಂತ ಇನ್ನೊಂದಿದೆ, ಕೊಲಾಸ್ಟಮಿ ಅಂತೆಲ್ಲ ಬರುತ್ತಲ್ಲ, ಅದು ದೇಹಕ್ಕೆ ಹೊಸ ಬಾಯಿ ಇಡೋದು, ಸ್ಟೋಮ ಅಂದ್ರೆ ಬಾಯಿ. ಒಂದು ಎಸ್ ಎಲ್ಲಿಂದ ಎಲ್ಲಿಗೆ ಕರ್ಕೊಂಡು ಹೋಗುತ್ತೆ ನೋಡಿ.

ಆದ್ರೆ ನನಗೆ ಎಲ್ಲದಕ್ಕಿಂತ ಇಷ್ಟದ ಬಾಲ ಓ-ಎಸ್-ಐ-ಎಸ್. ಓಸಿಸ್ ಅಂದ್ರೆ ಒಂದು ಸ್ಥಿತಿ, ಇಲ್ಲಾ ಒಂದು ಆಗ್ತಾ ಇರೋ ಕ್ರಿಯೆ, ಬಹಳ ಸಲ ಕಾಯಿಲೆ. ಈ ಮನೆತನದವರು ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಎರಡು ಜಿಲ್ಲೇಲೇ ಬೀಡು ಬಿಟ್ಟಂಗಿದ್ದಾರೆ. ಬೋರ್‌ವೆಲ್ ಆಳಕ್ಕೆ ಹೋದಂಗೆಲ್ಲ ನೀರಲ್ಲಿ ಫ್ಲೋರೈಡ್ ಜಾಸ್ತಿ ಬಂದು ಹಲ್ಲು ಕಂದು ಬಣ್ಣ ಆಗೋದು, ಮೂಳೆ ಬಗ್ಗೋದು, ಅದು ಫ್ಲೋರೋಸಿಸ್. ಕಲ್ಲು ಕ್ವಾರಿ, ಕ್ರಷರ್ ಧೂಳು ವರ್ಷಾನುಗಟ್ಟಲೆ ಕುಡಿದು ಶ್ವಾಸಕೋಶ ಗಟ್ಟಿಯಾಗೋದು ಸಿಲಿಕೋಸಿಸ್, ಕೆ.ಜಿ.ಎಫ್. ಗಣಿ ಕೆಲಸದವರ ಮನೆಗಳಲ್ಲಿ ಈ ಪದ ಯಾರೂ ಡಿಕ್ಷನರಿ ನೋಡಿ ಕಲಿತಿಲ್ಲ. ಟಿ.ಬಿ. ಅನ್ನೋದರ ಪೂರ್ತಿ ಹೆಸರು ಆಗಲೇ ಹೇಳಿದ ಟ್ಯುಬರ್‌ಕ್ಯುಲೋಸಿಸ್, ಟ್ಯುಬರ್ ಅಂದ್ರೆ ಗಡ್ಡೆ, ಟ್ಯುಬರ್‌ಕಲ್ ಅಂದ್ರೆ ಸಣ್ಣ ಗಡ್ಡೆ, ಶ್ವಾಸಕೋಶದಲ್ಲಿ ಸಣ್ಣ ಗಂಟು ಕಟ್ಟೋದರಿಂದ ಆ ಹೆಸರು. ಎಲ್ಲಾ ಕಾಯಿಲೇನೇ ಅಂದ್ಕೋಬೇಡಿ, ಮೆಟಮಾರ್ಫೋಸಿಸ್ ಅಂತ 13 ಅಕ್ಷರದ್ದು ಒಂದಿದೆ, ಮೆಟ ಅಂದ್ರೆ ಬದಲಾಗೋದು, ಮಾರ್ಫ್ ಅಂದ್ರೆ ಆಕಾರ. ನಿಮ್ಮ ಮನೇಲಿ ರೇಷ್ಮೆ ಹುಳ ಸಾಕಿದ್ರೆ ದಿನಾ ನೋಡಿರ್ತೀರ, ಮೊಟ್ಟೆ ಒಡೆದು ಹುಳ ಆಗಿ, ನಾಲ್ಕು ಜ್ವರ ಎದ್ದು, ಅಂದ್ರೆ ನಾಲ್ಕು ಸಲ ಪೊರೆ ಬಿಟ್ಟು, ಗೂಡು ಕಟ್ಟಿ, ಬಿಟ್ರೆ ಚಿಟ್ಟೆ ಆಗಿ ಹೊರಗೆ ಬರೋದು, ಅದಕ್ಕೆ ಇಷ್ಟುದ್ದ ಹೆಸರು.

ಇದೇ ಬಾಲ ಇಟ್ಕೊಂಡು ಮೋಸ ಮಾಡೋ ಒಬ್ಬ ಇದ್ದಾನೆ, ಡಯಾಗ್ನೋಸಿಸ್. ಕೊನೇಲಿ ಓ-ಎಸ್-ಐ-ಎಸ್ ಇದೆ ಅಂತ ರೋಗ ಅಂದ್ಕೊಂಡ್ರೆ ಕೆಟ್ವಿ, ಅದು ರೋಗವನ್ನ ಗುರುತಿಸೋದು. ಅಲ್ಲಿರೋ ತುಂಡು ಗ್ನೋಸಿಸ್, ಅರಿವು. ಅಂದ್ರೆ ನಮ್ಮ ಜ್ಞಾನದ ಜ್ಞಾ ಇದೆಯಲ್ಲ, ಅದೂ ಇದೂ ಒಂದೇ ಬೇರಿಂದ ಬಂದಿರೋದು. ಜಿ ಪಕ್ಕ ಎನ್ ಯಾಕೆ ಅಂತ ಇನ್ನು ಕೇಳಬೇಡಿ, ಜ್ಞ ಬರೆಯೋರು ನಾವು, ನಮಗೆ ಅದು ಕಷ್ಟಾನಾ?

ಎರಡನೇ ಕೆಲಸ ತಲೆ ನೋಡೋದು. ತಲೆಗಳಲ್ಲಿ ಜನ ಜಾಸ್ತಿ ಎಡವೋದು ಹೈಪರ್, ಹೈಪೋ ಅನ್ನೋ ಜೋಡೀಲಿ. ಹೈಪರ್‌ಟೆನ್ಷನ್ ಅಂದ್ರೆ ಬಿ.ಪಿ. ಜಾಸ್ತಿ, ಹೈಪೋಟೆನ್ಷನ್ ಅಂದ್ರೆ ಕಮ್ಮಿ. ನೆನಪಿಟ್ಕೊಳ್ಳೋಕೆ ಒಂದು ಉಪಾಯ: ಹೈಪರ್‌ಗೆ ಸಂಸ್ಕೃತದ ನೆಂಟ ಉಪರಿ, ಅಂದ್ರೆ ಮೇಲೆ. ಹೈಪೋಗೆ ನೆಂಟ ಉಪ, ಉಪಾಧ್ಯಕ್ಷ ಅಂತೀವಲ್ಲ, ಅಧ್ಯಕ್ಷರಿಗಿಂತ ಕೆಳಗೆ. ಉಪರಿಯಲ್ಲಿ ರಿ ಇದೆ, ಹೈಪರಲ್ಲಿ ಆರ್ ಇದೆ. ಆರ್ ಇದ್ರೆ ಮೇಲೆ, ಇಲ್ಲದಿದ್ರೆ ಕೆಳಗೆ, ಮುಗೀತು. ಹೈಪೋಥೈರಾಯ್ಡಿಸಂ 14 ಅಕ್ಷರ, ಥೈರಾಯ್ಡ್ ಕೆಲಸ ಕಮ್ಮಿ ಆಗಿರೋದು, ಥೈರಾಯ್ಡ್ ಅಂದ್ರೆ ಗುರಾಣಿ ಆಕಾರದ್ದು ಅಂತ ಅರ್ಥ. ಟ್ರಾಕ್ಟರ್ ಆರ್.ಸಿ. ಮೇಲೆ ಹೈಪಾಥಿಕೇಷನ್ ಅಂತ ಇರುತ್ತೆ ನೋಡಿ, ಅದರಲ್ಲೂ ಅದೇ ಹೈಪೋ, ಸಾಲಕ್ಕೆ ಕೆಳಗೆ ಇಟ್ಟಿರೋದು, ಅಂದ್ರೆ ಅಡಮಾನ. ಗಾಡಿ ನಮ್ಮ ಮನೆ ಮುಂದೇನೇ ನಿಂತಿರುತ್ತೆ, ಕಾಗದದಲ್ಲಿ ಮಾತ್ರ ಬ್ಯಾಂಕಿನ ಕೆಳಗಿರುತ್ತೆ.

ಹೈಡ್ರೋ ಅಂದ್ರೆ ನೀರು. ಹೈಡ್ರೋಎಲೆಕ್ಟ್ರಿಕ್, 13 ಅಕ್ಷರ, ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂತಲ್ಲ ಆ ಕರೆಂಟು. ಡೀಹೈಡ್ರೇಷನ್ ಅಂದ್ರೆ ದೇಹದಲ್ಲಿ ನೀರು ಕಮ್ಮಿ ಆಗೋದು, ಡೀ ಅಂದ್ರೆ ಕಳೆಯೋದು. ಹುಚ್ಚುನಾಯಿ ಕಾಯಿಲೆಗೆ ಹೈಡ್ರೋಫೋಬಿಯ ಅಂತಾರೆ, ನೀರು ಕಂಡ್ರೆ ಭಯ. ತಾಲ್ಲೂಕು ಆಫೀಸಿನ ಬೈಫರ್ಕೇಷನ್ ಗೊತ್ತಲ್ಲ, ಖಾತೆ ಎರಡು ಮಾಡೋದು, ಬೈ ಅಂದ್ರೆ ಎರಡು, ಫರ್ಕ ಅಂದ್ರೆ ಲ್ಯಾಟಿನ್ನಲ್ಲಿ ಕವಲುಗೋಲು, ಊಟದ ಫೋರ್ಕ್ ಕೂಡ ಅದರದ್ದೇ ಪೀಳಿಗೆ. ಅಣ್ಣತಮ್ಮ ಜಮೀನು ಕವಲು ಹೊಡೆಯೋದು ಅಂತ ಬಿಡಿಸಿಕೊಂಡ್ರೆ ಸ್ಪೆಲಿಂಗೂ ಬರುತ್ತೆ, ಬೇಜಾರೂ ಬರುತ್ತೆ.

ಮೂರನೇದು, ನಡುವೆ ಬರೋ ಬೆಸುಗೆ. ಇದು ಕನ್ನಡ ಮೀಡಿಯಂನವರಿಗೆ ಲಾಟರಿ ಹೊಡೆದಂಗೆ, ಯಾಕಂದ್ರೆ ಸಂಧಿ ಗೊತ್ತಿರೋರಿಗೆ ಇದು ಹೊಸದೇ ಅಲ್ಲ. ಕಾರ್ಡಿ ಅಂದ್ರೆ ಹೃದಯ, ಗ್ರಾಂ ಅಂದ್ರೆ ಬರಹ, ಎರಡರ ಮಧ್ಯ ಒಂದು ಓ ಬಂದು ಕಾರ್ಡಿಯೋಗ್ರಾಂ ಆಗುತ್ತೆ. ಮನೆ ಮತ್ತು ಅನ್ನು ಸೇರಿದ್ರೆ ಮಧ್ಯದಲ್ಲಿ ಯ ಬಂದು ಮನೆಯನ್ನು ಆಗುತ್ತಲ್ಲ, ಆಗಮ ಸಂಧಿ, ಆ ಯ ಮಾಡೋ ಕೆಲಸವನ್ನೇ ಈ ಓ ಮಾಡೋದು. ಅದಕ್ಕೆ ಅರ್ಥ ಹುಡುಕ್ಬೇಡಿ. ಮುಂದಿನ ಬಾಲ ಸ್ವರದಿಂದ ಶುರುವಾದ್ರೆ ಆ ಓ ಬಿದ್ದುಹೋಗುತ್ತೆ, ಗ್ಯಾಸ್ಟ್ರೋ ಮತ್ತು ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್, ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಂಗೆ, ಲೋಪ ಸಂಧಿ. ಎರಡು ಅಂಗದ ಹೆಸರು ಅಕ್ಕಪಕ್ಕ ಬಂದಾಗ ಮಾತ್ರ ಓ ಹಟ ಹಿಡಿದು ಉಳ್ಕೊಳ್ಳುತ್ತೆ, ಗ್ಯಾಸ್ಟ್ರೋಎಂಟರಾಲಜಿ, ಹೊಟ್ಟೆ, ಕರುಳು, ಶಾಸ್ತ್ರ, 16 ಅಕ್ಷರ.

ಡಬಲ್ ಅಕ್ಷರದ ಗುಟ್ಟೂ ಇಲ್ಲೇ ಇರೋದು. ಇನ್ ಅಂದ್ರೆ ಅಲ್ಲ. ಅದು ಲೀಗಲ್ ಮುಂದೆ ಬಂದ್ರೆ ಇಲ್ಲೀಗಲ್, ರೆಗ್ಯುಲರ್ ಮುಂದೆ ಬಂದ್ರೆ ಇರ್ರೆಗ್ಯುಲರ್, ಮೆಚ್ಯೂರ್ ಮುಂದೆ ಬಂದ್ರೆ ಇಮ್ಮೆಚ್ಯೂರ್. ಸತ್ ಜನ ಸಜ್ಜನ ಆದಂಗೆ, ಉತ್ ಲೇಖ ಉಲ್ಲೇಖ ಆದಂಗೆ. ಹಾಗಾಗಿ ಎಲ್ ಎರಡಾ ಒಂದಾ ಅಂತ ಡೌಟ್ ಬಂದ್ರೆ ಬಿಡಿಸಿ ನೋಡಿ, ಒಂದು ಇನ್‌ನಿಂದ ಬಂದಿದ್ದು, ಇನ್ನೊಂದು ಪದದ್ದೇ. ಲಾಡ್ಜ್ ಬೋರ್ಡುಗಳಲ್ಲಿ ಕಾಯಮ್ಮಾಗಿ ತಪ್ಪೋ ಅಕಾಮಡೇಷನ್ ಕೂಡ ಹಿಂಗೇ. 13 ಅಕ್ಷರ, ಎರಡು ಸಿ, ಎರಡು ಎಂ. ಮೊದಲು ಎ-ಡಿ, ಅದು ಮುಂದಿನ ಸಿ ನೋಡಿ ತಾನೂ ಸಿ ಆಯ್ತು, ಆಮೇಲೆ ಕಾಮ್, ಆಮೇಲೆ ಮಾಡ್. ನಂದಿಬೆಟ್ಟದ ದಾರೀಲಿ ಒಂದು ಎಂ ಹಾಕಿರೋ ಬೋರ್ಡು ಎಷ್ಟಿದೆ ಅಂತ ಎಣಿಸೋದು ನನಗೊಂದು ಚಟ.

ಇನ್ನೊಂದು ಗುರುತು ಹೇಳ್ತೀನಿ. ಕನ್ನಡದಲ್ಲಿ ಘ ಧ ಭ ಥರ ಮಹಾಪ್ರಾಣ ಕಂಡ್ರೆ ಪದ ಹೆಚ್ಚಾಗಿ ಸಂಸ್ಕೃತದಿಂದ ಬಂದಿರುತ್ತೆ ಅಂತ ಗೊತ್ತಲ್ಲ, ಇಂಗ್ಲಿಷಲ್ಲಿ ಫ ಶಬ್ದಕ್ಕೆ ಪಿ-ಎಚ್, ಕ ಶಬ್ದಕ್ಕೆ ಸಿ-ಎಚ್, ಮಧ್ಯದಲ್ಲಿ ವೈ, ಆರ್ ಪಕ್ಕ ಎಚ್, ಮೊದಲಲ್ಲಿ ಪಿ-ಎಸ್ ಇಲ್ಲಾ ಪಿ-ಎನ್ ಕಂಡ್ರೆ ಪದ ಹೆಚ್ಚುಕಮ್ಮಿ ಗ್ರೀಕ್‌ದು. ಸೈಕಾಲಜಿಯನ್ನ ಡಿಕ್ಷನರೀಲಿ ಎಸ್ ಪುಟದಲ್ಲಿ ಹುಡುಕಿದ್ರೆ ಸಂಜೆ ತನಕ ಸಿಗಲ್ಲ, ಪಿ-ಎಸ್-ವೈ-ಸಿ-ಎಚ್, ಐದು ಅಕ್ಷರದಲ್ಲಿ ಗ್ರೀಕ್‌ನ ಮೂರು ಗುರುತೂ ಇದೆ. ನ್ಯುಮೋನಿಯಾಗೂ ಮೊದಲು ಪಿ. ಆಫ್ತಲ್ಮಾಲಜಿ, ಅಂದ್ರೆ ಕಣ್ಣಿನ ಶಾಸ್ತ್ರ, ಪಿ-ಎಚ್ ಆದ್ಮೇಲೆ ತಕ್ಷಣ ಟಿ-ಎಚ್, ಕಣ್ಣಾಸ್ಪತ್ರೆ ಫಾರಂ ತುಂಬೋವಾಗ ಮೊದಲ ಎಚ್ ನುಂಗಿಬಿಡೋರೇ ಜಾಸ್ತಿ.

ಮೋಸ ಹೋಗೋ ಜಾಗಾನೂ ಇದೆ, ತುಂಡು ಒಂದೇ ಥರ ಕಂಡ್ರೂ ಅರ್ಥ ಬೇರೆ. ಪಿ-ಇ-ಡಿ ಲ್ಯಾಟಿನ್‌ದಾದ್ರೆ ಪಾದ, ನಮ್ಮ ಪಾದಕ್ಕೇ ಸಂಬಂಧಿ. ಪೆಡಸ್ಟ್ರಿಯನ್ ಅಂದ್ರೆ ಪಾದಚಾರಿ, ಅಕ್ಷರಶಃ. ಸೈಕಲ್ ಪೆಡಲ್ಲೂ ಅದೇ. ಆದ್ರೆ ಗ್ರೀಕ್‌ದಾದ್ರೆ ಮಗು, ಪೀಡಿಯಾಟ್ರಿಕ್ಸ್ ಮಕ್ಕಳ ವಿಭಾಗ. ಹಾಗಾದ್ರೆ ಆರ್ಥೋಪೀಡಿಕ್ಸಲ್ಲಿ ಯಾವುದು? ಕಾಲು ಮುರಿದ್ರೆ ಹೋಗ್ತೀವಿ, ಪಾದ ಇರ್ಬೇಕು ಅಂತ ನಾನೂ ಅಂದ್ಕೊಂಡಿದ್ದೆ, ಅಲ್ಲ, ಮಗು. ನಿಕೊಲಾ ಆಂಡ್ರಿ ಅನ್ನೋ ಫ್ರೆಂಚ್ ವೈದ್ಯ 1741ರಲ್ಲಿ ಮಕ್ಕಳ ಸೊಟ್ಟ ಮೂಳೆ ನೆಟ್ಟಗೆ ಮಾಡೋದಕ್ಕೆ ಅಂತ ಕಟ್ಟಿದ ಪದ, ಆರ್ಥೋ ಅಂದ್ರೆ ನೆಟ್ಟಗೆ. ಹೆಲಿಕಾಪ್ಟರನ್ನೂ ಎಲ್ಲರೂ ತಪ್ಪು ಜಾಗದಲ್ಲಿ ಮುರೀತಾರೆ. ಹೆಲಿ ಮತ್ತು ಕಾಪ್ಟರ್ ಅಲ್ಲ ಅದು, ಹೆಲಿಕೋ ಅಂದ್ರೆ ಸುರುಳಿ, ಪ್ಟರ್ ಅಂದ್ರೆ ರೆಕ್ಕೆ.

ಟೈಪಿಂಗ್ ಕಲಿಯೋ ಮಕ್ಕಳಿಗೆ ಬೇಜಾರಾದಾಗ ನಾನು ಕೊಡೋ ಕೆಲವು ಪದ ಇವೆ, ಇದರಲ್ಲಿ ಅರ್ಥಕ್ಕಿಂತ ಆಟ ಜಾಸ್ತಿ. ಟೈಪ್‌ರೈಟರ್ ಅನ್ನೋ ಪದದ 10 ಅಕ್ಷರಾನೂ ಕೀಬೋರ್ಡಿನ ಮೇಲಿನ ಒಂದೇ ಸಾಲಲ್ಲಿ ಬರುತ್ತೆ. ವಿಮಾನದ ಪರಿಚಾರಿಕೆಯರು ಅನ್ನೋ ಸ್ಟೂವರ್ಡೆಸಸ್, 12 ಅಕ್ಷರ, ಬರೀ ಎಡಗೈ. ಲಾಲಿಪಾಪ್ ಬರೀ ಬಲಗೈ. ಲೆಕ್ಕ ಬರೆಯೋ ಬುಕ್‌ಕೀಪರಲ್ಲಿ ಓ ಎರಡು, ಕೆ ಎರಡು, ಇ ಎರಡು, ಸಾಲಾಗಿ. ಅನ್‌ಕಾಪಿರೈಟಬಲ್, ಅಂದ್ರೆ ಹಕ್ಕುಸ್ವಾಮ್ಯ ಪಡೆಯೋಕೆ ಆಗದ್ದು, 15 ಅಕ್ಷರದಲ್ಲಿ ಒಂದೂ ಎರಡನೇ ಸಲ ಬರಲ್ಲ. ಫೆಸೀಷಸ್ ಅಂದ್ರೆ ಹೊತ್ತಿಲ್ಲದ ಹೊತ್ತಲ್ಲಿ ತಮಾಷೆ ಮಾಡೋದು, ಅದರಲ್ಲಿ ಎ ಇ ಐ ಓ ಯು ಐದೂ ಸ್ವರ ವರಸೆಯಾಗಿ ಬರುತ್ತೆ. ಉಲ್ಟಾ ಕೇಸು ಸ್ಟ್ರೆಂಗ್ತ್ಸ್, 9 ಅಕ್ಷರಕ್ಕೆ ಸ್ವರ ಒಂದೇ ಒಂದು.

ಇಷ್ಟಾದ್ಮೇಲೆ ನಿಘಂಟಿನ ಕುಸ್ತಿ ಪೈಲ್ವಾನ್ ಹತ್ರ ಹೋಗ್ಬಹುದು. ಇಂಗ್ಲಿಷ್ ಡಿಕ್ಷನರೀಲಿರೋ ಪದಗಳಲ್ಲಿ ಭಾರಿ ಉದ್ದದ್ದು 45 ಅಕ್ಷರದ್ದು: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಉಸಿರು ಬಿಡಿ. ಬಾಲ ನೋಡಿ, ಓಸಿಸ್, ಕಾಯಿಲೆ. ಕೋನಿ ಅಂದ್ರೆ ಧೂಳು. ವಾಲ್ಕೇನೋ ಜ್ವಾಲಾಮುಖಿ, ಸಿಲಿಕೋ ಸಿಲಿಕಾ ಕಲ್ಲು, ಸ್ಕೋಪಿಕ್ ನೋಡೋದು, ಮೈಕ್ರೋ ಸಣ್ಣದು, ಅಲ್ಟ್ರಾ ಅದಕ್ಕೂ ಆಚೆ, ನ್ಯುಮೋನೋ ಶ್ವಾಸಕೋಶ. ಕಣ್ಣಿಗೆ ಕಾಣದಷ್ಟು ಸಣ್ಣ ಜ್ವಾಲಾಮುಖಿ ಕಲ್ಲಿನ ಧೂಳು ಎದೆಗೆ ಹೋಗಿ ಬರೋ ಕಾಯಿಲೆ, ಅಂದ್ರೆ ಮೇಲೆ ಹೇಳಿದ ಸಿಲಿಕೋಸಿಸ್ಸೇ. ಅಮೆರಿಕದಲ್ಲಿ ಪದಬಂಧದ ಹುಚ್ಚಿನವರ ಒಂದು ಸಂಘ ಇತ್ತು, ಅದರ ಅಧ್ಯಕ್ಷರು 1935ರಲ್ಲಿ ಬರೀ ಉದ್ದ ಇರಲಿ ಅಂತ ಕಟ್ಟಿದ್ದು ಇದನ್ನ. ಅಲ್ಲಿ ಆಟಕ್ಕೆ ಕಟ್ಟಿದ್ರು, ಆ ಕಾಲದಲ್ಲಿ ಇಲ್ಲಿ ಕೋಲಾರದಲ್ಲಿ ಗಣಿ ಒಳಗೆ ಜನ ಆ ಧೂಳಲ್ಲೇ ಕಲ್ಲು ಕೊರೀತಿದ್ರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋ ತನಕ ಆ ಕೆಲಸ ನಡೀತು. ಕ್ವಾರಿ ಕೆಲಸದ ಒಬ್ಬರು ಮೆಡಿಕಲ್ ಸರ್ಟಿಫಿಕೇಟ್ ಜೆರಾಕ್ಸ್‌ಗೆ ಕೊಟ್ಟಾಗ ಅದರಲ್ಲಿ ಒಂಬತ್ತೇ ಅಕ್ಷರದ ಹೆಸರಿತ್ತು, ಆ ಒಂಬತ್ತೇ ಸಾಕಾಗಿತ್ತು ಅವರಿಗೆ. ನಾಲ್ಕು ಹೆಜ್ಜೆ ಹಾಕಿದ್ರೆ ನಿಂತು ಉಸಿರು ಎಳ್ಕೋತಿದ್ರು.

ಇನ್ನೊಂದು 29 ಅಕ್ಷರದ್ದು, ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್. ಇದರಲ್ಲಿ ಐ ಒಂಬತ್ತು ಸಲ ಬರುತ್ತೆ, ಇ ಒಂದೂ ಇಲ್ಲ. ಫ್ಲಾಕ್ಸಿ, ನಾಸಿ, ನಿಹಿಲಿ, ಪಿಲಿ, ನಾಲ್ಕೂ ಲ್ಯಾಟಿನ್, ಉಣ್ಣೆ ಎಳೆ, ಕ್ಷುಲ್ಲಕ, ಏನೂ ಇಲ್ಲ, ಕೂದಲು. ನಾಲ್ಕು ಬೆಲೆ ಇಲ್ಲದ ವಸ್ತು ಪೋಣಿಸಿ ಒಂದು ಪದ ಮಾಡಿದ್ದಾರೆ, ನಾವು ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ತಳ್ಳಿಹಾಕೋದಕ್ಕೆ ಅವರಿಗೆ ಇಷ್ಟು ಬೇಕಾಯ್ತು.

ಅಭ್ಯಾಸ ಮಾಡೋ ರೀತಿ ಸಿಂಪಲ್. ಒಂದು 100 ಪುಟದ ರೂಲ್ಡ್ ನೋಟ್‌ಬುಕ್ ತಗೊಳ್ಳಿ, ಎ ಬಿ ಸಿ ಪ್ರಕಾರ ಬರೀಬೇಡಿ, ಒಂದು ಪುಟಕ್ಕೆ ಒಂದು ಬಾಲ. ಐಟಿಸ್ ಪುಟ, ಓಸಿಸ್ ಪುಟ, ಎಕ್ಟಮಿ ಪುಟ, ಕೊನೇ ಹತ್ತು ಪುಟ ತಲೆಗಳಿಗೆ. ಪದ ಸಿಕ್ಕಿದಾಗ ತುಂಡು ತುಂಡಾಗಿ ಗೀಟು ಹಾಕಿ ಬರೆದು, ಪ್ರತಿ ತುಂಡಿನ ಕೆಳಗೆ ಕನ್ನಡ ಅರ್ಥ, ಇಡೀ ಪದದ ಅರ್ಥ ಕೊನೇಲಿ. ಪದ ಹುಡುಕೋಕೆ ದುಡ್ಡು ಕೊಟ್ಟು ಪುಸ್ತಕ ತರಬೇಡಿ, ಮನೇಲಿರೋ ಮಾತ್ರೆ ಡಬ್ಬ, ಲ್ಯಾಬ್ ರಿಪೋರ್ಟು, ಗೊಬ್ಬರದ ಚೀಲ, ಆರ್.ಸಿ. ಕಾರ್ಡು ಸಾಕು. ಬರೆಯೋವಾಗ ಬಾಯಿಬಿಟ್ಟು ತುಂಡು ಹೇಳ್ಕೊಂಡು ಬರೀರಿ, ಅಕ್ಷರ ಹೇಳ್ಕೊಂಡು ಬೇಡ. ಒಂದು ವಾರ ಬಿಟ್ಟು ಕನ್ನಡ ಅರ್ಥ ಮಾತ್ರ ನೋಡಿ ಇಂಗ್ಲಿಷ್ ಕಟ್ಟೋಕೆ ಟ್ರೈ ಮಾಡಿ, ಆಗ ಗೊತ್ತಾಗುತ್ತೆ ಯಾವ ಬೆಸುಗೆ ಇನ್ನೂ ಹಸಿ ಇದೆ ಅಂತ.

ಶುರು ಮಾಡೋಕೆ ಎರಡು. ಕಿವಿ ಮೂಗು ಗಂಟಲು ಡಾಕ್ಟ್ರ ವಿಭಾಗಕ್ಕೆ ಇ.ಎನ್.ಟಿ. ಅಂತ ಮೂರಕ್ಷರದಲ್ಲಿ ಬೋರ್ಡ್ ಹಾಕ್ತಾರಲ್ಲ, ಅದರ ನಿಜವಾದ ಹೆಸರು 19 ಅಕ್ಷರ, ಓಟೋರೈನೋಲಾರಿಂಗಾಲಜಿ. ಓಟೋ ಕಿವಿ, ರೈನೋ ಮೂಗು, ಮೂಗಿನ ಮೇಲೆ ಕೊಂಬಿರೋ ಘೇಂಡಾಮೃಗಕ್ಕೂ ರೈನೋ ಅಂತಾರೆ ನೋಡಿ, ಲಾರಿಂಗ್ ಗಂಟಲು. ಎರಡನೇದು ನಿಮಗೆ ಬಿಟ್ಟಿದ್ದು: ತಲೆಗೆ ವೈರ್ ಅಂಟಿಸಿ ಇ.ಇ.ಜಿ. ಮಾಡ್ತಾರಲ್ಲ, ಅದರ ಪೂರ್ತಿ ಹೆಸರು ಎಲೆಕ್ಟ್ರೋಎನ್‌ಸೆಫಲೋಗ್ರಾಂ, 20 ಅಕ್ಷರ. ಮೊದಲ ತುಂಡು, ಕೊನೇ ತುಂಡು ಮೇಲೇ ಬಂದಾಗಿದೆ. ಮಧ್ಯದ್ದಕ್ಕೆ ಒಂದು ಸುಳಿವು ಕೊಡ್ತೀನಿ, ಎನ್ ಅಂದ್ರೆ ಒಳಗೆ, ಸೆಫಲ್ ಅಂದ್ರೆ ತಲೆ. ಬಿಡಿಸಿ ಬರೆಯಿರಿ.